ಕಾಲಿಗೆ ಒಗ್ಗುವ ತನಕ

"ಹಾಕ್ತಾ ಹಾಕ್ತಾ ಸರಿಹೋಗುತ್ತೆ."

ಈ ಮಾತು ಕೇಳದೆ ಚಪ್ಪಲಿ ಕೊಂಡವರು ಯಾರಾದರೂ ಇದ್ದಾರೆಯೇ? ಬಿಗಿಯಾಗಿದೆ ಎಂದರೂ ಅಂಗಡಿಯವರದು ಇದೇ ಉತ್ತರ, ಸಡಿಲವಾಗಿದೆ ಎಂದರೂ ಇದೇ ಉತ್ತರ. ಬಿಗಿಯಾದದ್ದು ಹಾಕ್ತಾ ಹಾಕ್ತಾ ಬಿಡುತ್ತದಂತೆ, ಸಡಿಲವಾದದ್ದು ಹಾಕ್ತಾ ಹಾಕ್ತಾ ಹಿಡಿಯುತ್ತದಂತೆ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಮುನ್ನೂರು ರೂಪಾಯಿಯ ಜೋಡಿಗೂ ಈ ಭರವಸೆ ಉಂಟು. ಮಾಲಿನೊಳಗೆ ಮಖಮಲ್ಲಿನ ಕುರ್ಚಿಯಲ್ಲಿ ಕೂರಿಸಿ, ಟೈ ಕಟ್ಟಿದ ಹುಡುಗ ಮಂಡಿಯೂರಿ ತೊಡಿಸುವ ಮೂವತ್ತು ಸಾವಿರದ ಜೋಡಿಗೂ ಉಂಟು. ಜಿ.ಎಸ್.ಟಿ. ಇಲ್ಲದೆ ಸಿಗುವುದು ಅದೊಂದೇ ಮಾತು.

ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಹೇಳುವುದು ಅರ್ಧ ನಿಜ. ಸರಿಹೋಗುವುದು ಚಪ್ಪಲಿಯೋ ಕಾಲೋ ಎಂಬುದನ್ನು ಮಾತ್ರ ಅವರು ಬಾಯಿ ಬಿಟ್ಟು ಹೇಳುವುದಿಲ್ಲ.

ಬೆಲೆ ಏರಿದಂತೆಲ್ಲ ಕಡಿತ ಇಳಿಯುತ್ತದೆ ಎಂದು ನಂಬಿದವರು ಬಹಳ. ಅಷ್ಟು ದುಡ್ಡು ಕೊಟ್ಟ ಮೇಲೂ ಕಚ್ಚುವುದೆಂದರೆ ಅದು ಮೋಸವೆಂದೇ ಅವರಿಗೆ ಅನ್ನಿಸುತ್ತದೆ. ವಾಸ್ತವ ಇದಕ್ಕೆ ತಿರುಗಾಮುರುಗಾ. ಸ್ಪಂಜಿನ ಅಟ್ಟೆ, ರೆಕ್ಸಿನ್ ಬಾರಿನ ಚಪ್ಪಲಿ ಮೊದಲ ದಿನವೇ ಕಾಲನ್ನು ಮುದ್ದಿಸುತ್ತದೆ. ದೀಪಾವಳಿಗೆ ಕೊಂಡದ್ದು ಯುಗಾದಿಯ ಹೊತ್ತಿಗೆ ಬಾಯಿ ತೆರೆಯುತ್ತದೆ. ದಪ್ಪ ಚರ್ಮದ ಒಳ್ಳೆಯ ಚಪ್ಪಲಿ ಮೊದಲು ಮುಖ ಗಂಟಿಕ್ಕಿಕೊಂಡೇ ಇರುತ್ತದೆ. ಜರ್ಮನಿಯಲ್ಲಿ ಬಿರ್ಕೆನ್‌ಸ್ಟಾಕ್ ಎಂಬ ಮನೆತನವಿದೆ, 1774ರಿಂದ ತನ್ನ ಲೆಕ್ಕ ಹಿಡಿಯುವಂಥದ್ದು. ಅದರ ಕಾರ್ಕಿನ ಅಟ್ಟೆಯ ಸ್ಯಾಂಡಲ್ಲಿಗೆ ಸಾವಿರಾರು ರೂಪಾಯಿ ಸುರಿದು ತಂದರೂ ಮೊದಮೊದಲು ಸ್ವಲ್ಪಸ್ವಲ್ಪ ಹೊತ್ತು ಮಾತ್ರ ಹಾಕಿಕೊಳ್ಳಿ ಎಂದು ಕಂಪನಿಯೇ ಬುದ್ಧಿ ಹೇಳುತ್ತದೆ. ಇದೇ ಕಂಪನಿ ನಮ್ಮ ಸ್ಯಾಂಡಲ್ ಕಲಾಕೃತಿ, ಬೇರೆಯವರು ನಕಲು ಮಾಡಬಾರದು ಎಂದು ಕೋರ್ಟಿಗೆ ಹೋಗಿತ್ತು. 2025ರ ಫೆಬ್ರವರಿಯಲ್ಲಿ ಜರ್ಮನಿಯ ಅತ್ಯುನ್ನತ ನ್ಯಾಯಾಲಯ ಇದು ಕಲೆಯಲ್ಲ ಎಂದು ತೀರ್ಪು ಕೊಟ್ಟಿತು. ನ್ಯಾಯಾಧೀಶರಲ್ಲಿ ಯಾರೋ ಒಬ್ಬರಿಗೆ ಹಿಂದಿನ ದಿನವೇ ಹೊಸ ಜೋಡಿ ಕಚ್ಚಿರಬೇಕು ಎಂಬುದು ನನ್ನ ಗುಮಾನಿ.

ಜರ್ಮನಿಯದು ಜರ್ಮನಿಗೆ. ನಾನು ರಾಯಬಾಗದ ಕಡೆಯವಳು. ನನಗೆ ಗೊತ್ತಿರುವ ಕಡಿತ ಕೊಲ್ಹಾಪುರಿಯದು.

ಕೊಲ್ಹಾಪುರಿ ಅಂದಕೂಡಲೇ ಎಲ್ಲರ ಕಣ್ಣೂ ಮಹಾರಾಷ್ಟ್ರದ ಕಡೆ ಹೊರಳುತ್ತದೆ. ಹೊರಳಲಿ, ತಪ್ಪೇನಿಲ್ಲ, ದೊಡ್ಡ ಪೇಟೆ ಅಲ್ಲಿತ್ತು, ಶಾಹು ಮಹಾರಾಜರ ಕಾಲದಲ್ಲಿ ಈ ಕಸುಬಿಗೆ ಅಲ್ಲಿ ಆಸರೆಯೂ ಸಿಕ್ಕಿತು. ಆದರೆ ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ, ಮದಭಾವಿಯ ಕೈಗಳು ಹೊಲಿದ ಜೋಡಿಗಳು ಗಂಟುಗಂಟಾಗಿ ಆ ಪೇಟೆಗೆ ಹೋಗಿ ಅಲ್ಲಿಯ ಹೆಸರು ಹೊತ್ತುಕೊಂಡು ದೇಶ ತಿರುಗಿವೆ. 2019ರಲ್ಲಿ ಭೌಗೋಳಿಕ ಗುರುತಿನ ಪಟ್ಟ ಸಿಕ್ಕಾಗ ಈ ಲೆಕ್ಕ ಸರಿಹೋಯಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ. ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ. ಎರಡೂ ರಾಜ್ಯಗಳಿಗೆ ನಾಲ್ಕು ನಾಲ್ಕು ಜಿಲ್ಲೆ ಸಮಪಾಲು. ಗಡಿಯ ವಿಷಯದಲ್ಲಿ ಈ ಎರಡು ರಾಜ್ಯಗಳು ಕೂಡಿ ಸಹಿ ಹಾಕಿದ ಕಾಗದ ಬೇರೆ ಇದ್ದರೆ ಯಾರಾದರೂ ತಿಳಿಸಬೇಕು.

ಈ ಚಪ್ಪಲಿ ಅಷ್ಟು ಗಡುಸಾಗುವುದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಎಮ್ಮೆ ಕೋಣಗಳ ದಪ್ಪ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ, ಕೂದಲು ಕೆರೆದು, ಆಮೇಲೆ ಜಾಲಿಯ ತೊಗಟೆ, ಅಳಲೆಕಾಯಿಗಳ ರಸದಲ್ಲಿ ಹದ ಮಾಡುವುದು ಹಳೆಯ ಪದ್ಧತಿ. ಹದದ ಕೊನೆಯ ಹಂತದಲ್ಲಿ ತೊಗಲನ್ನೇ ಚೀಲವಾಗಿ ಹೊಲಿದು, ಒಳಗೆ ಆ ಕಂದು ರಸ ತುಂಬಿ ತೂಗುಹಾಕುತ್ತಾರೆ. ರಸ ಒಳಗಿನಿಂದ ಹೊರಕ್ಕೆ ಜಿನುಗುತ್ತ ಎಳೆಎಳೆಗೂ ಇಳಿಯಬೇಕು. ಕ್ರೋಮಿಯಂ ಉಪ್ಪು ಹಾಕಿದರೆ ಒಂದೆರಡು ದಿನದಲ್ಲಿ ಮುಗಿಯುವ ಕೆಲಸ ತೊಗಟೆಯ ದಾರಿಯಲ್ಲಿ ವಾರಗಟ್ಟಲೆ ಹಿಡಿಯುತ್ತದೆ. ಕ್ರೋಮಿನ ಚರ್ಮ ಮೆತ್ತಗೆ, ಬಟ್ಟೆಯ ಹಾಗೆ ಮಡಚಿಕೊಳ್ಳುತ್ತದೆ. ಕಾಲಿನ ಗುರುತು ಇಟ್ಟುಕೊಳ್ಳುವುದರಲ್ಲಿ ಅದಕ್ಕೆ ಆಸಕ್ತಿ ಕಡಿಮೆ. ತೊಗಟೆಯ ಚರ್ಮ ಬಿರುಸು. ಆದರೆ ಕಾಲಿನ ಕಾವು, ಬೆವರಿನ ಪಸೆ, ಮೈಯ ಭಾರ ಮೂರೂ ಸೇರಿ ದಿನದಿಂದ ದಿನಕ್ಕೆ ಒತ್ತಿದರೆ ಅದು ಹೆಬ್ಬೆರಳಿಗೊಂದು ಕುಳಿ, ಹಿಮ್ಮಡಿಗೊಂದು ಬಟ್ಟಲು ಮಾಡಿಕೊಂಡು, ಆ ಆಕಾರವನ್ನು ಮತ್ತೆ ಬಿಟ್ಟುಕೊಡುವುದಿಲ್ಲ. ಮಾಡಿದವರು ಮುಕ್ಕಾಲು ಕೆಲಸ ಮುಗಿಸಿ ಕೊಟ್ಟಿರುತ್ತಾರೆ. ಉಳಿದ ಕಾಲು ಭಾಗ ನಮ್ಮ ಕಾಲಿನದೇ.

ಅಥಣಿಯಲ್ಲಿ ಗಂಡಸರು ಅಟ್ಟೆ ಕೊಯ್ದು, ಬಡಿದು, ಕೂಡಿಸಿದರೆ, ಬಾರಿನ ಮೇಲಿನ ಜಡೆ ಹೆಣೆಯುವುದು, ತೂತಿನ ಕುಸುರಿ ಹೊಡೆಯುವುದು, ಹೊಲಿಯುವುದು ಬಹುಮಟ್ಟಿಗೆ ಹೆಂಗಸರ ಕೈಕೆಲಸ. ಹಳೆಯ ಪದ್ಧತಿಯ ಜೋಡಿಯಲ್ಲಿ ಮೊಳೆ ಇಲ್ಲ. ಚರ್ಮದ ದಾರದಲ್ಲೇ ಹೊಲಿಗೆ. ಅಲ್ಲಿಯ ಹೆಣ್ಣುಮಕ್ಕಳ ಗುಂಪುಗಳನ್ನು ಕಟ್ಟಿಕೊಂಡೇ 'ಟೋಹೋಲ್ಡ್' ಎಂಬ ಹೆಸರಿನಲ್ಲಿ ಅಥಣಿಯ ಚಪ್ಪಲಿ ವಿದೇಶಕ್ಕೂ ಹೋಯಿತು. ನನಗೆ ಜೋಡಿ ಹೊಲಿದುಕೊಟ್ಟ ಮನೆಯಲ್ಲಿ ಕಾಗದದ ಮೇಲೆ ಪಾದ ಇರಿಸಿ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡದ್ದೂ ಸೊಸೆ, ದುಡ್ಡು ಎಣಿಸಿಕೊಂಡದ್ದು ಮಾತ್ರ ಮಾವ. ಎರಡು ಪಾದಕ್ಕೂ ಬೇರೆ ಬೇರೆ ಗೆರೆ ಯಾಕವ್ವಾ ಎಂದು ಕೇಳಿದೆ. "ಎರಡೂ ಕಾಲು ಒಂದ ಅಳತಿ ಇರೂ ಮಂದಿ ಭಾಳ ಕಡಿಮಿರೀ ಅಕ್ಕಾರ" ಎಂದಳು. ಅಲ್ಲಿಯವರೆಗೆ ನನ್ನ ಕಾಲು ಎರಡೂ ಒಂದೇ ಎಂದು ತಿಳಿದಿದ್ದೆ. ಗೆರೆ ನೋಡಿದರೆ ಬಲಗಾಲು ಎಡಗಾಲಿಗಿಂತ ಗೋಧಿ ಕಾಳಿನಷ್ಟು ಮುಂದಿತ್ತು. ಹೊರಡುವಾಗ ಅವಳು ಕೊಟ್ಟ ಎಚ್ಚರಿಕೆ ಇನ್ನೂ ಕಿವಿಯಲ್ಲಿದೆ. "ಒಂದ್ ವಾರ ಮನ್ಯಾಗ ಹಾಕ್ಕೋರಿ, ಹೊರಗ ಹೋಗಬ್ಯಾಡ್ರಿ. ಹೋದ್ರ ಅದೇನ್ ನಿಮ್ಮನ್ನ ಹೊತ್ಕೊಂಡ್ ಬರೂದಿಲ್ಲ, ನೀವ ಅದನ್ನ ಹೊತ್ಕೊಂಡ್ ಬರ್ತೀರಿ!"

ಮನೆಯಲ್ಲಿ ಹಾಕಿಕೊಳ್ಳುವುದೆಂದರೆ ಹೇಳಿದಷ್ಟು ಸುಲಭವಲ್ಲ. ನಮ್ಮ ಮನೆಗಳಲ್ಲಿ ಚಪ್ಪಲಿ ಹೊಸ್ತಿಲು ದಾಟುವ ಹಾಗಿಲ್ಲ. ರಾಯಬಾಗದಲ್ಲಿದ್ದ ನನ್ನ ಸೋದರತ್ತೆ ಈ ತೊಡಕಿಗೆ ಒಂದು ಕಾನೂನು ಕಂಡುಕೊಂಡಿದ್ದಳು. ಬೀದಿಯ ಮಣ್ಣು ಮುಟ್ಟುವ ತನಕ ಅದು ಚಪ್ಪಲಿಯಲ್ಲ, ಬರೀ ತೊಗಲು. ಆದ್ದರಿಂದ ಪಡಸಾಲೆಯಲ್ಲಿ ಅಡ್ಡಿಯಿಲ್ಲ, ಅಡುಗೆ ಮನೆಗೂ ದೇವರ ಮನೆಗೂ ಪ್ರವೇಶವಿಲ್ಲ. ರಾತ್ರಿ ಉಂಡ ಮೇಲೆ ನೂರು ಹೆಜ್ಜೆ ಹಾಕುವುದು ಅವಳ ಪದ್ಧತಿ. ಹೊಸ ಕಾಲ್ಮರಿ (ನಮ್ಮ ಕಡೆ ಚಪ್ಪಲಿಗೆ ಹಾಗೆನ್ನುವುದು) ಬಂದ ದಿನಗಳಲ್ಲಿ ಆ ನೂರು ಹೆಜ್ಜೆಯೂ ಪಡಸಾಲೆಯಲ್ಲೇ, ಕರ್ ಕರ್ ಎನ್ನುತ್ತ. ಅಟ್ಟೆಯ ಪದರಗಳ ನಡುವೆ ಬೀಜ ಇಟ್ಟು ಬೇಕೆಂದೇ ಸದ್ದು ಬರಿಸುವ ಜೋಡಿಗಳೂ ಉಂಟಷ್ಟೆ, ಅವಳದು ಅಂಥದ್ದೇ. ಮಾವ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತ "ಇನ್ನೂ ಎಷ್ಟ ಉಳದಾವ?" ಎಂದರೆ, "ನಡಬರಕ ಮಾತಾಡಸಬ್ಯಾಡ್ರಿ, ಎಣಿಕಿ ತಪ್ತದ, ಮತ್ತ ಒಂದರಿಂದ ಸುರು ಮಾಡಬೇಕಾಗತದ" ಎನ್ನುತ್ತಿದ್ದಳು. ಆಮೇಲೆ ಮಾವ ತುಟಿ ಬಿಚ್ಚುತ್ತಿರಲಿಲ್ಲ.

ನಡೆದಾದ ಮೇಲೆ ಎಣ್ಣೆಯ ಸೇವೆ. ಹಳೆ ಧೋತರದ ಚಿಂದಿಗೆ ಎರಡು ಹನಿ ಕುಸುಬೆ ಎಣ್ಣೆ ಹಾಕಿ, ಬಾರಿನ ಒಳಮೈಗೆ, ಹೆಬ್ಬೆರಳು ತೂರಿಸುವ ಉಂಗುಷ್ಟದ ಸುತ್ತ, ಅಟ್ಟೆಯ ಪಕ್ಕದ ಕಿವಿಗಳ ಅಂಚಿಗೆ ತೀಡಿ, ಮಂಚದ ಕೆಳಗೆ ನೆರಳಲ್ಲಿ ಇಡುವುದು. ಬೆಳಿಗ್ಗೆ ಬಾರನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಆ ಕಡೆ ಈ ಕಡೆ ಬಗ್ಗಿಸುವುದು. ನನಗೆ ಅಷ್ಟು ತಾಳ್ಮೆ ಎಲ್ಲಿತ್ತು? ಹೊಸದನ್ನು ಮೆಟ್ಟಿ ಅಂದೇ ಜಾತ್ರೆಗೆ ಓಡುವ ವಯಸ್ಸು. "ಏ ಹುಡುಗಿ, ಹೊಸ ಕಾಲ್ಮರಿ ಅಂದ್ರ ಹೋರಿ ಇದ್ದಂಗ. ಮೊದಲ ದಿನಾನ ಬಂಡಿಗಿ ಹೂಡತಾರೇನ? ಕೊಳ್ಳಿಗಿ ಬರೇ ನೊಗಾ ಇಟ್ಟು ಅಂಗಳದಾಗ ತಿರಗಸ್ತಾರ" ಎಂದು ಗದರುತ್ತಿದ್ದಳು. ಚಪ್ಪಲಿ ಪಳಗಿಸುವ ವಿದ್ಯೆಯ ಬಗ್ಗೆ ಆಮೇಲೆ ನಾನು ಓದಿದ್ದೆಲ್ಲ ಈ ಎರಡು ಸಾಲಿನ ವ್ಯಾಖ್ಯಾನ ಅಷ್ಟೆ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅತ್ತೆಯ ಪದ್ಧತಿಗೆ ಬೇರೆ ವಿಘ್ನ. ಟೈಲ್ಸಿನ ನೆಲದ ಮೇಲೆ ಕೊಲ್ಹಾಪುರಿಯ ನೂರು ಹೆಜ್ಜೆ ಕೆಳಗಿನ ಮನೆಯವರಿಗೆ ಏನೆಂದು ಕೇಳಿಸುತ್ತದೋ. ಒಂದು ರಾತ್ರಿ ಕೆಳಮನೆಯ ಹಿರಿಯರು ಮೆಟ್ಟಿಲು ಹತ್ತಿ ಬಂದು, ಬಹಳ ಸೌಜನ್ಯದಿಂದ, "ನಿಮ್ಮಲ್ಲಿ ಭರತನಾಟ್ಯ ಕ್ಲಾಸು ಶುರುವಾಗಿದೆಯೇ?" ಎಂದು ವಿಚಾರಿಸಿದರು. ಚಪ್ಪಲಿ ತೋರಿಸಿದೆ. ಕೈಗೆತ್ತಿಕೊಂಡು ತಿರುಗಿಸಿ ನೋಡಿದವರು ಅಲ್ಲೇ ಕೂತು, ಎಣ್ಣೆ ಯಾವುದು ಎಂದು ಕೇಳಿದರು. ಕುಸುಬೆ ಎಂದೆ. ತಲೆ ಅಲ್ಲಾಡಿಸಿ ಹರಳೆಣ್ಣೆಯ ಪರ ವಾದ ಹೂಡಿದರು. ಮಂಗಳೂರಿನ ಕಡೆಯ ಅವರ ಸೊಸೆ ಕೊಬ್ಬರಿ ಎಣ್ಣೆ ಬಿಟ್ಟು ಬೇರೇನನ್ನೂ ಒಪ್ಪಲಿಲ್ಲ. ಎಣ್ಣೆ ಯಾವುದಾದರೂ ಆದೀತು, ಹನಿ ಲೆಕ್ಕದಲ್ಲಿರಬೇಕು ಎಂಬುದು ನನ್ನ ಪಕ್ಷ. ಮಿತಿ ಮೀರಿದರೆ ಚರ್ಮದ ಎಳೆಗಳು ಜೋಲುತ್ತವೆ, ಬಣ್ಣ ಕಪ್ಪಾಗುತ್ತದೆ, ಬೀದಿಯ ಧೂಳೆಲ್ಲ ಅಂಟಿಕೊಳ್ಳುತ್ತದೆ, ಹೊಸ ಬಿಳಿ ಸೀರೆಯ ಅಂಚಿಗೆ ನಕಾಶೆ ಬೀಳುತ್ತದೆ. ತಿಳಿ ಬಣ್ಣದ ನಾಜೂಕು ಚರ್ಮಕ್ಕಂತೂ ಅಡುಗೆ ಮನೆಯ ಎಣ್ಣೆ ಮುಟ್ಟಿಸಲೇಬಾರದು. ಚರ್ಮಕ್ಕೆಂದೇ ಮಾರುವ ಕ್ರೀಮನ್ನು ಮೊದಲು ಕಾಣದ ಜಾಗದಲ್ಲಿ ಸವರಿ ನೋಡಿ, ಆಮೇಲೆ ಮುಂದಿನ ಮಾತು.

ಮೊಬೈಲಿನಲ್ಲಿ ಹರಿದು ಬರುವ ಸಲಹೆಗಳ ಧೈರ್ಯಕ್ಕೆ ಮಾತ್ರ ಮೆಚ್ಚಬೇಕು. ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ ಚಪ್ಪಲಿಯೊಳಗಿಟ್ಟು ಫ್ರೀಜರಿಗೆ ತಳ್ಳಿ, ನೀರು ಗಡ್ಡೆಯಾಗುತ್ತ ಹಿಗ್ಗಿದಂತೆ ಚರ್ಮವೂ ಹಿಗ್ಗುತ್ತದೆ ಎನ್ನುವುದು ಒಂದು. ಮುಚ್ಚಿದ ಬೂಟಿನಲ್ಲಾದರೆ ನೀರಿಗೆ ಒತ್ತಲು ಗೋಡೆಯಿದೆ. ನಾಲ್ಕೂ ಕಡೆ ಬಯಲಾದ ಚಪ್ಪಲಿಯಲ್ಲಿ ಅದು ಒತ್ತುವುದು ಪಕ್ಕದ ಹಸಿ ಬಟಾಣಿಯನ್ನು. ಅತ್ತೆಯ ಕಾನೂನಿನ ಪ್ರಕಾರ ಅಡುಗೆ ಮನೆಗೇ ಪ್ರವೇಶವಿಲ್ಲದ ವಸ್ತು ಫ್ರಿಜ್ಜಿನೊಳಗೆ ದೋಸೆ ಹಿಟ್ಟಿನ ನೆರೆಗೆ ಬರುವುದನ್ನು ಊಹಿಸಲೂ ನನ್ನಿಂದಾಗದು. ದಪ್ಪ ಕಾಲುಚೀಲದ ಮೇಲೆ ಚಪ್ಪಲಿ ಹಾಕಿ ಹೇರ್ ಡ್ರೈಯರಿನ ಬಿಸಿಗಾಳಿ ಬಿಡಿ ಎನ್ನುವುದು ಇನ್ನೊಂದು. ಬಿಸಿಗೆ ಚರ್ಮ ಮೆತ್ತಗಾಗುವುದು ನಿಜ. ಜೊತೆಗೆ ಒಣಗುವುದೂ ನಿಜ, ಒಣಗಿ ಸೀಳುವುದೂ ನಿಜ. ಬಿಸಿ ನೀರಲ್ಲಿ ಅದ್ದುವವರೂ ಇದ್ದಾರೆ. ಕುದಿನೀರು ತಾಗಿದ ತೊಗಟೆಯ ಚರ್ಮ ಮುರುಟಿ ಹಲಗೆಯಾಗುತ್ತದೆ. ಯುರೋಪಿನಲ್ಲಿ ಹಿಂದೆ ಚರ್ಮವನ್ನು ಹೀಗೆ ಗಟ್ಟಿ ಮಾಡಿಯೇ ಯುದ್ಧದ ಕವಚ ಮಾಡುತ್ತಿದ್ದರು. ಯುದ್ಧಕ್ಕೆ ಹೊರಟಿರದಿದ್ದರೆ ಬೇಡ.

ಕಡಿತದ ಕಥೆಯನ್ನೂ ಸ್ವಲ್ಪ ಹೇಳಿಬಿಡುತ್ತೇನೆ. ಬಾರು ಚರ್ಮವನ್ನು ಕೊಯ್ಯುವುದರಿಂದ ಬೊಬ್ಬೆ ಏಳುತ್ತದೆ ಎಂದು ನಾವು ತಿಳಿಯುತ್ತೇವೆ. ಅದು ಹಾಗಲ್ಲ. ಕಾಲಿನ ಮೇಲ್ಚರ್ಮ ಬಾರಿಗೆ ಅಂಟಿಕೊಂಡಂತೆ ನಿಂತುಬಿಡುತ್ತದೆ, ಒಳಗಿನ ಮೂಳೆ ಮಾತ್ರ ಹೆಜ್ಜೆಹೆಜ್ಜೆಗೂ ಮುಂದಕ್ಕೂ ಹಿಂದಕ್ಕೂ ಸರಿಯುತ್ತದೆ. ಈ ಜಗ್ಗಾಟದಲ್ಲಿ ಚರ್ಮದ ಪದರಗಳು ಒಂದರಿಂದ ಒಂದು ಬಿಟ್ಟು, ನಡುವೆ ನೀರು ತುಂಬುತ್ತದೆ. ಒಣಗಿದ ಚರ್ಮ ಜಾರುತ್ತದೆ, ಪೂರ್ತಿ ಒದ್ದೆಯಾದದ್ದೂ ಜಾರುತ್ತದೆ. ಹಿಡಿದುಕೊಳ್ಳುವುದು ಬೆವರಿನ ಅರೆಪಸೆ. ಅದಕ್ಕೇ ಮದುವೆ ಮನೆಯಲ್ಲಿ, ಮೇ ತಿಂಗಳಲ್ಲಿ, ಪಂಕ್ತಿಗೆ ಓಡಾಡುವವರ ಕಾಲಿಗೇ ಬೊಬ್ಬೆ ಜಾಸ್ತಿ. ಒಂದು ಚಿಟಿಕೆ ಪೌಡರು ಕೆಲಸಕ್ಕೆ ಬರುವುದು ಈ ಕಾರಣಕ್ಕೆ. ಔಷಧದಂಗಡಿಯಲ್ಲಿ ಸಿಗುವ ಕಾಗದದ ಪ್ಲಾಸ್ಟರಿನ ಪಟ್ಟಿ ಇನ್ನೂ ಒಳ್ಳೆಯದು. ನೂರಾರು ಕಿಲೋಮೀಟರು ಓಡುವವರ ಕಾಲಿಗೆ ಅದನ್ನು ಅಂಟಿಸಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಪರೀಕ್ಷಿಸಿದ್ದಾರೆ. 2016ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ಬೊಬ್ಬೆಗಳು ಶೇ. 40ರಷ್ಟು ತಗ್ಗಿದವು. ನಡೆಯುವ ಮೊದಲೇ ಅಂಟಿಸಬೇಕು, ಉರಿ ಶುರುವಾದ ಮೇಲಲ್ಲ. ಬೊಬ್ಬೆ ಎದ್ದೇಬಿಟ್ಟರೆ ಒಡೆಯದೆ, ತೊಳೆದು ಮುಚ್ಚಿ, ಅದು ಆರುವ ತನಕ ಹಳೆಯ ಚಪ್ಪಲಿಗೆ ಶರಣಾಗುವುದು. ಸಕ್ಕರೆ ಕಾಯಿಲೆಯವರು ಮಾತ್ರ ಈ ಯಾವ ಸಾಹಸಕ್ಕೂ ಇಳಿಯಬಾರದು. ಅವರ ಪಾದಕ್ಕೆ ಕಡಿತ ತಿಳಿಯದೇ ಹೋಗಬಹುದು, ಗಾಯ ಬೇಗ ಮಾಯುವುದೂ ಇಲ್ಲ.

ಇಷ್ಟೆಲ್ಲ ಕಷ್ಟ ಬೇಡವೆನ್ನುವವರಿಗೆ ಇನ್ನೊಂದು ದಾರಿಯುಂಟು. ಬೇರೆಯವರ ಕಾಲಿಂದ ಪಳಗಿಸಿಕೊಳ್ಳುವುದು. ಇಂಗ್ಲೆಂಡಿನ ಎರಡನೆಯ ಎಲಿಜಬೆತ್ ರಾಣಿಯ ವಸ್ತ್ರವಿನ್ಯಾಸ ನೋಡಿಕೊಳ್ಳುತ್ತಿದ್ದ ಏಂಜೆಲಾ ಕೆಲ್ಲಿ ತಮ್ಮ 2019ರ ಪುಸ್ತಕದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ರಾಣಿಗೆ ಪುರುಸೊತ್ತಿರಲಿಲ್ಲ, ಇಬ್ಬರ ಪಾದದ ಅಳತೆಯೂ ಒಂದೇ ಆಗಿತ್ತು. ಹೀಗಾಗಿ ಹೊಸ ಬೂಟನ್ನು ಮೊದಲು ಹಾಕಿ ನಡೆಯುವ ಕೆಲಸ ಕೆಲ್ಲಿಯವರದಾಗಿತ್ತು. ಸಾಮ್ರಾಜ್ಯದ ಭಾರ ಹೊರುವುದೆಂದರೆ ಇದೇ ಇರಬೇಕು. ನಮ್ಮ ಪುರಾಣದಲ್ಲಿ ಭರತನ ಏರ್ಪಾಡು ಇದಕ್ಕಿಂತ ಸರಳ. ಚಿತ್ರಕೂಟದಲ್ಲಿ ಅವನು ಹೊಸ ಪಾದುಕೆಗಳನ್ನು ಮುಂದಿಟ್ಟು, ಒಮ್ಮೆ ಮೆಟ್ಟಿ ಕೊಡು ಎಂದು ಅಣ್ಣನನ್ನು ಬೇಡಿದ. ರಾಮ ಮೆಟ್ಟಿ ಇಳಿದ. ಅಷ್ಟು ಬೇಗ ಪಳಗಿದ ಜೋಡಿ ಇನ್ನೊಂದಿಲ್ಲ. ಆಮೇಲೆ ಹದಿನಾಲ್ಕು ವರ್ಷ ಅದಕ್ಕೆ ನಡಿಗೆಯೇ ಇಲ್ಲ, ಬರೀ ರಾಜ್ಯಭಾರ.

ಕನ್ನಡಿಗರ ನೆನಪಿನಲ್ಲಿರುವ ಅತ್ಯಂತ ಬೆಲೆಯ ಚಪ್ಪಲಿಯೂ ನಡೆದದ್ದಲ್ಲ. ಸಮಗಾರ ಹರಳಯ್ಯನ ಕಥೆ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಕಲ್ಯಾಣದ ಬೀದಿಯಲ್ಲಿ ಅವನು ಶರಣು ಎಂದರೆ ಬಸವಣ್ಣ ಶರಣು ಶರಣಾರ್ಥಿ ಎಂದನಂತೆ. ಆ ಒಂದು ಮಾತು ಹೆಚ್ಚಾಯಿತೆಂದು ತಳಮಳಿಸಿದ ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಮೆಟ್ಟು ಹೊಲಿದು ತಂದರು. ಬಸವಣ್ಣ ಅದನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲಿಟ್ಟುಕೊಂಡ. ಅದೇ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾದಾಗ ಊರು ಸುಮ್ಮನಿರಲಿಲ್ಲ. ಇಬ್ಬರು ತಂದೆಯರಿಗೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆಯ ಶಿಕ್ಷೆಯಾಯಿತು. ಆ ಕಾಲ ಹನ್ನೆರಡನೆಯ ಶತಮಾನ ಎಂದು ಸಮಾಧಾನ ಪಟ್ಟುಕೊಳ್ಳುವ ಹಾಗೂ ಇಲ್ಲ. ಊರಿಗೆಲ್ಲ ಚಪ್ಪಲಿ ಹೊಲಿದುಕೊಟ್ಟವರು ತಾವು ಹೊಲಿದದ್ದನ್ನು ಕೈಯಲ್ಲಿ ಹಿಡಿದು ಮೇಲುಕೇರಿ ದಾಟಬೇಕಿದ್ದ ಬೀದಿಗಳು ನಮ್ಮ ಹಿರಿಯರ ನೆನಪಿನಲ್ಲೇ ಇವೆ. ನನಗೆ ಹೊಸ ಜೋಡಿ ಕಚ್ಚಿದರೆ ನಾಲ್ಕು ದಿನದ ಉರಿ. ಆ ಬೀದಿಗಳ ಉರಿ ಹಾಗಲ್ಲ.

ಇದನ್ನು ನೆನೆದಾಗಲೆಲ್ಲ 'ಲಕ್ಷುರಿ' ಎಂಬ ಹಣೆಪಟ್ಟಿಯ ಮೇಲೆ ನನಗೆ ಅನುಮಾನ. 2025ರ ಜೂನಿನಲ್ಲಿ ಮಿಲಾನಿನ ಫ್ಯಾಷನ್ ಪ್ರದರ್ಶನದಲ್ಲಿ ಪ್ರಾಡಾ ಕಂಪನಿಯ ಗಂಡು ರೂಪದರ್ಶಿಗಳು ಕಾಲಿಗೆ ಹಾಕಿಕೊಂಡು ಬಂದದ್ದನ್ನು ನಮ್ಮ ಅತ್ತೆ ಕತ್ತಲಲ್ಲೂ ಗುರುತು ಹಿಡಿಯುತ್ತಿದ್ದಳು. ಕಂಪನಿ ಮಾತ್ರ ಅದನ್ನು ಚರ್ಮದ ಸ್ಯಾಂಡಲ್ ಎಂದಷ್ಟೇ ಕರೆದು ಸುಮ್ಮನಾಗಿತ್ತು. ಇಲ್ಲಿ ಗದ್ದಲವೆದ್ದ ಮೇಲೆ ಭಾರತದ ಕುಶಲಕರ್ಮಿಗಳಿಂದ ಬಂದ ಪ್ರೇರಣೆ ಎಂದು ಒಪ್ಪಿಕೊಂಡಿತು. ಅದೇ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಂ ಮತ್ತು ನಮ್ಮ ಲಿಡ್ಕರ್, ಈ ಎರಡು ಸರ್ಕಾರಿ ಚರ್ಮ ನಿಗಮಗಳ ಜೊತೆ ಒಪ್ಪಂದ ಮಾಡಿಕೊಂಡು, ಇಲ್ಲಿಯೇ 2,000 ಜೋಡಿ ಮಾಡಿಸುವುದಾಗಿ ಪ್ರಕಟಿಸಿತು. ಜೋಡಿಗೆ ಸುಮಾರು 800 ಯೂರೋ, ನಮ್ಮ ಲೆಕ್ಕಕ್ಕೆ ಎಂಬತ್ತು ಸಾವಿರ ರೂಪಾಯಿಗೂ ಮೇಲೆ. ಅಥಣಿಯ ಓಣಿಯಲ್ಲಿ ಆ ದುಡ್ಡಿಗೆ ಒಂದು ದಿಬ್ಬಣಕ್ಕೆಲ್ಲ ಮೆಟ್ಟಿಸಬಹುದು. ಆಗಲಿ, ಹೊಲಿದ ಕೈಗೆ ಅದರಲ್ಲಿ ನ್ಯಾಯದ ಪಾಲು ಸೇರಿದರೆ ನನ್ನ ತಕರಾರಿಲ್ಲ. ತೊಗಟೆಯ ಚರ್ಮಕ್ಕೆ ಯೂರೋ ರೂಪಾಯಿಗಳ ಭೇದ ತಿಳಿಯುವುದಿಲ್ಲವಾದ್ದರಿಂದ ಮಿಲಾನಿನ ಕಾಲನ್ನೂ ಅದು ಅಷ್ಟೇ ನಿಷ್ಠೆಯಿಂದ ಕಚ್ಚುತ್ತದೆ. ಹಾಕ್ತಾ ಹಾಕ್ತಾ ಸರಿಹೋಗುತ್ತೆ ಎಂಬುದನ್ನು ಅಲ್ಲಿಯ ಅಂಗಡಿಯವರು ಯಾವ ರಾಗದಲ್ಲಿ ಹೇಳುತ್ತಾರೋ ಒಮ್ಮೆ ಕೇಳಬೇಕು.

ದೇವರಿಗೂ ಈ ಕಷ್ಟ ತಪ್ಪಿದ್ದಲ್ಲ. ಬಿಳಿಗಿರಿರಂಗನ ಬೆಟ್ಟದ ರಂಗನಾಥನಿಗೆ ಎರಡು ವರ್ಷಕ್ಕೊಮ್ಮೆ ಒಂದು ಅಡಿ ಒಂಬತ್ತು ಅಂಗುಲದ ಚರ್ಮದ ಚಪ್ಪಲಿ ಒಪ್ಪಿಸುವ ವಾಡಿಕೆಯಿದೆ. ಅಲ್ಲಿಯ ಸೋಲಿಗರಿಗೆ ಅವನು ಭಾವ. ತಮ್ಮ ಹೆಣ್ಣು ಕುಸುಮಾಲೆಯನ್ನು ಮದುವೆಯಾದವನು. ಕಾಡೆಲ್ಲ ತಿರುಗುವ ಭಾವನ ಚಪ್ಪಲಿ ಸವೆಯದೆ ಇರುತ್ತದೆಯೇ? ಆಳಂದ ತಾಲ್ಲೂಕಿನ ಗೋಳಾ ಗ್ರಾಮದ ಲಕ್ಕಮ್ಮನಿಗೂ ಭಕ್ತರು ಬೇವಿನ ಮರಕ್ಕೆ ಚಪ್ಪಲಿ ಕಟ್ಟಿ ಹರಕೆ ತೀರಿಸುತ್ತಾರೆ. ಕಾಲುನೋವು ವಾಸಿಯಾಗುತ್ತದೆಂದು ನಂಬಿಕೆ. ಹೊಸ ಜೋಡಿ ರಂಗನ ಹೆಬ್ಬೆರಳಿಗೂ ಕಚ್ಚುತ್ತದೋ, ಕಚ್ಚಿದರೆ ಅವನು ಕುಸುಮಾಲೆಯ ಮುಂದೆ ಹೇಳಿಕೊಳ್ಳುತ್ತಾನೋ ಎಂದು ಬೆಟ್ಟಕ್ಕೆ ಹೋದಾಗ ನನಗೆ ಕುತೂಹಲ. ಅರ್ಚಕರನ್ನು ಕೇಳುವ ಧೈರ್ಯ ಬರಲಿಲ್ಲ. ತಲೆಗೆ ಆ ಚಪ್ಪಲಿ ಮುಟ್ಟಿಸಿಕೊಂಡು ಬಂದೆ. ಮೆತ್ತಗಿರಲಿಲ್ಲ.

ದೇವಸ್ಥಾನದ ಮಾತು ಬಂದದ್ದರಿಂದ ಚಪ್ಪಲಿ ಕಳ್ಳರ ಬಗ್ಗೆಯೂ ಒಂದು ಮಾತು. ಅವರು ಹೊಳಪಿನ ಹೊಸ ಜೋಡಿಯನ್ನೇ ಎತ್ತುತ್ತಾರೆಂದು ಎಲ್ಲರ ದೂರು. ನಾನು ಗಮನಿಸಿದಂತೆ ಕಸುಬು ತಿಳಿದ ಕಳ್ಳ ಹೊಸದನ್ನು ಬಿಟ್ಟು ಅರೆ ಪಳಗಿದ್ದಕ್ಕೇ ಕೈ ಹಾಕುತ್ತಾನೆ. ಉರಿಯ ದಿನಗಳೆಲ್ಲ ನಮ್ಮ ಪಾಲಿಗೆ, ಹದವಾದ ಮೇಲಿನ ಸುಖ ಅವನ ಪಾಲಿಗೆ. ಒಂದೇ ಸಮಾಧಾನವೆಂದರೆ ನನ್ನ ಬಲಗಾಲಿನ ಆ ಗೋಧಿ ಕಾಳಿನಷ್ಟು ಹೆಚ್ಚಿನ ಉದ್ದ ಅವನಿಗೆ ಕೂಡಿ ಬರುವುದಿಲ್ಲ. ಎರಡು ಚಪ್ಪಲಿಯನ್ನು ಬೇರೆ ಬೇರೆ ಮೂಲೆಯಲ್ಲಿ ಬಿಡುವ ಉಪಾಯವನ್ನು ನಮ್ಮ ಓಣಿಯ ಹಿರಿಯರೊಬ್ಬರು ಕಲಿಸಿದ್ದರು. ಕಳ್ಳನಿಗೆ ಜೋಡಿ ಹುಡುಕುವಷ್ಟು ಪುರುಸೊತ್ತು ಇರುವುದಿಲ್ಲವಂತೆ. ಪ್ರಸಾದ ತಿಂದು ಹೊರಬಂದ ಅವರಿಗೂ ಎರಡನೆಯದನ್ನು ಎಲ್ಲಿ ಬಿಟ್ಟೆನೆಂದು ನೆನಪಾಗುತ್ತಿರಲಿಲ್ಲ ಎಂಬುದು ಬೇರೆ ವಿಷಯ.

ಕೊಳ್ಳುವ ಮನಸ್ಸಿದ್ದರೆ ಮಳೆಗಾಲ ಕಳೆದ ಮೇಲೆ ಅಥಣಿಯ ಕಡೆ ಒಮ್ಮೆ ಹೋಗಿ ಬನ್ನಿ. ತೊಗಟೆಯ ಚರ್ಮಕ್ಕೂ ಮಳೆಗೂ ಆಗಿಬರುವುದಿಲ್ಲ. ನೆನೆದರೆ ಬಿಸಿಲಿಗೋ ಒಲೆಯ ಮುಂದೋ ಇಡದೆ ಗಾಳಿಯಾಡುವ ನೆರಳಲ್ಲಿ ಒಣಗಿಸಬೇಕು. ಅಂಗಡಿಗೆ ಹೋಗುವುದು ಸಂಜೆ ಹೊತ್ತಿಗಿರಲಿ, ದಿನವಿಡೀ ಓಡಾಡಿದ ಪಾದ ಆಗ ತುಸು ಊದಿರುತ್ತದೆ, ಅಳತೆ ಸರಿಯಾಗಿ ಸಿಗುತ್ತದೆ. ಅಡ್ಡಕ್ಕೆ ಚರ್ಮ ಬಿಡುತ್ತದೆ, ಉದ್ದಕ್ಕೆ ಬಿಡುವುದಿಲ್ಲ. ಹಿಮ್ಮಡಿ ಅಟ್ಟೆಯಾಚೆ ಚಾಚಿದರೆ ಯಾವ ಎಣ್ಣೆಯೂ ಉಳಿಸದು, ಬೇರೆ ಜೋಡಿ ಕೇಳಿ. ಬೆಲೆಯಲ್ಲಿ ಮಾತ್ರ ಬಹಳ ಜಗ್ಗಾಡಬೇಡಿ. ಮೊದಲ ವಾರ ಪಡಸಾಲೆಯಲ್ಲಷ್ಟೇ ನಡೆಯಿರಿ, ಕೆಳಮನೆಯವರಿಗೆ ಮುಂಚೆಯೇ ಹೇಳಿಬಿಡಿ.